ಅಳತೆ ತಪ್ಪಿದ ಕವಚ

ಭಾಲ್ಕಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರು ಸೀರೆಯ ಜೊತೆ ತೊಡುವ ಜಂಪರ್ ಹೊಲಿಯುತ್ತೇನೆ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಎರಡು ಮಷೀನು, ಒಂದು ಕನ್ನಡಿ, ಗೋಡೆಗೊಂದು ದಪ್ಪ ಮೊಳೆ. ಆ ಮೊಳೆಗೆ ಒಂದು ಕವಚ ತೂಗುಹಾಕಿದ್ದೇನೆ. ಸೇನಾಧಿಪತಿಗಳು ಯುದ್ಧಕ್ಕೆ ಹಾಕಿಕೊಂಡು ಹೋಗುವಂಥದ್ದು, ಬಂಗಾರದ ಬಣ್ಣದ್ದು. ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಒಳಗೆಲ್ಲ ಹಳೆ ಪೇಪರು, ಮೇಲೆ ರೆಜಿನ್ ಎಂಬ ಅಂಟು. ಅದು ಅಲ್ಲಿ ತೂಗುವ ತನಕ ನನ್ನ ಅಂಗಡಿಗೆ ಬಂದವರು ಸುಮ್ಮನೆ ಅಳತೆ ಕೊಟ್ಟು ಹೋಗುವುದಿಲ್ಲ, ಏನಾದರೊಂದು ಆಗಿಯೇ ಆಗುತ್ತದೆ.

ಮೊನ್ನೆ ಮದುವೆ ಗೊತ್ತಾದ ಹುಡುಗಿಯೊಬ್ಬಳು ಅದನ್ನು ಬಹಳ ಹೊತ್ತು ನೋಡಿ, "ಅಕ್ಕೋರ, ಈ ಪ್ಯಾಟರ್ನ್ ನನಗ ಛಂದ ಕಾಣಸ್ತದೇನ್ರಿ?" ಎಂದಳು.

ಅವಳ ತಾಯಿ, "ಸುಮ್ನಿರ ಹುಡುಗಿ. ಮೊದಲ ಅತ್ತಿ ಹ್ಯಾಂಗದಾಳ ನೋಡೂನು, ಆಮ್ಯಾಲ ಕವಚ ಹೊಲಸೂನು" ಎಂದರು.

ನಾನೂ ನಕ್ಕೆ. ಅದು ನನ್ನ ಅಣ್ಣನ ಕವಚ. ಅಣ್ಣ ತೀರಿಕೊಂಡ ಮೇಲೆ ಅದನ್ನು ನೋಡಿ ನಕ್ಕವರೇ ಹೆಚ್ಚು. ಅತ್ತವಳು ನಾನೊಬ್ಬಳೇ, ಅದೂ ಗಿರಾಕಿ ಇಲ್ಲದ ಹೊತ್ತಿನಲ್ಲಿ. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಆ ಕವಚ ಮಾಡುವಾಗ ನಾವು ನಕ್ಕಷ್ಟು ನಮ್ಮ ಮನೆಯಲ್ಲಿ ಯಾವತ್ತೂ ನಕ್ಕಿರಲಿಲ್ಲ, ಮತ್ತೆ ನಗುವುದೂ ಇಲ್ಲ.

ಕಟೋರಿ ಕವಚ

ಅಣ್ಣ ನಮ್ಮ ತವರೂರು ಖಟಕ ಚಿಂಚೋಳಿಯಲ್ಲಿದ್ದ. ಒಂದಿಷ್ಟು ಹೊಲ, ಒಂದಿಷ್ಟು ಕುರಿ, ಹೆಂಡತಿ ಇಲ್ಲ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದರೆ, "ಕುರಿ ನನ್ನ ಮಾತ ಕೇಳ್ತಾವ, ಅಷ್ಟ ಸಾಕು" ಎನ್ನುತ್ತಿದ್ದ. ಆ ಊರಲ್ಲಿ ಪ್ರತಿ ವರ್ಷ ರಾಶಿ ಮುಗಿದ ಮೇಲೆ ಗಂಡಸರೆಲ್ಲ ಸೇರಿ ಒಂದು ರಾಜರ ನಾಟಕ ಆಡುತ್ತಾರೆ. ಮೀಸೆ ಬಂದಾಗಿನಿಂದ ಅಣ್ಣನದು ಒಂದೇ ಪಾತ್ರ, ಅರಮನೆಯ ಬಾಗಿಲು ಕಾಯುವವ. ಭರ್ಚಿ ಹಿಡಿದು ನಿಲ್ಲಬೇಕು. ಯಾರಾದರೂ ಬಂದರೆ ಒಳಗೆ ಮುಖ ಮಾಡಿ, "ಮಹಾಪ್ರಭು, ಅತಿಥಿಗಳು ಬಿಜಯಂಗೈದಿದ್ದಾರೆ" ಎನ್ನಬೇಕು. ಒಳಗೆ ಹೋದವರು ಹಾಡುತ್ತಾರೆ, ಕುಣಿಯುತ್ತಾರೆ, ಸಿಂಹಾಸನದ ಮೇಲೆ ಕೂರುತ್ತಾರೆ. ಅಣ್ಣ ಮಾತ್ರ ಪರದೆ ಬೀಳುವ ತನಕ ಬಾಗಿಲಲ್ಲೇ.

ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಬೀದರಿನ ಒಂದು ದವಾಖಾನೆಯಲ್ಲಿ ಗೊತ್ತಾದ ಮೇಲೆ ಅಣ್ಣ ಮೊದಲು ಮಾತಾಡಿದ್ದು ನನ್ನ ಹತ್ತಿರವಲ್ಲ, ನಾಟಕ ಕಲಿಸುವ ಮಾಸ್ತರರ ಹತ್ತಿರ. "ಮಾಸ್ತರ, ಇಷ್ಟ ವರ್ಷ ಬಾಗಲದಾಗ ನಿಂತೀನಿ. ಈ ಸಲ ಒಳಗ ಕರೀರಿ" ಎಂದನಂತೆ. ಮಾಸ್ತರರು ಅಲ್ಲೇ ಸೇನಾಧಿಪತಿಯ ಪಾತ್ರ ಕೊಟ್ಟರು. ಕೊನೆಯ ದೃಶ್ಯದಲ್ಲಿ ವೈರಿ ರಾಜನ ಕತ್ತಿಗೆ ಎದೆಯೊಡ್ಡಿ ಸಾಯುವ ಪಾತ್ರ ಅದು.

ಬೇಡಿ ಗೊತ್ತಿಲ್ಲದ ಮನುಷ್ಯ ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಆದರೆ ಬೀದರಿನಿಂದ ಬಾಡಿಗೆಗೆ ತರುವ ತಗಡಿನ ಕವಚವನ್ನು ತಾಲೀಮಿನಲ್ಲಿ ಹಾಕಿಕೊಂಡ ಕೂಡಲೇ ಅಣ್ಣ ನಿಂತಲ್ಲೇ ಕುಸಿದು ಕೂತ. ಅಷ್ಟು ಭಾರ ಹೊರುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಆವಾಗ ನಾನೇ ಹೇಳಿದೆ, "ಪೇಪರಿಂದು ಮಾಡ್ತೇನಿ ಅಣ್ಣ. ಹೂವಿನಂಗ ಹಗುರ ಇರ್ತದ. ನೀ ಅದನ್ನ ಹಾಕ್ಕೊಂಡ ಒಳಗ ಹೋಗ್ತಿ."

ಹೇಳುವುದು ಹೇಳಿಬಿಟ್ಟೆ. ಆದರೆ ಕವಚದ ಕಟಿಂಗ್ ನನಗೆ ಯಾರು ಕಲಿಸಿದ್ದಾರೆ? ನನಗೆ ಎದೆ ಅಂದರೆ ಜಂಪರ್. ಅಣ್ಣನನ್ನು ಭಾಲ್ಕಿಗೆ ಕರೆಸಿ ಅಳತೆ ತೆಗೆದೆ, ರಟ್ಟಿನ ಮೇಲೆ ಗೆರೆ ಎಳೆದೆ, ಕತ್ತರಿಸಿದೆ, ಮಡಚಿದೆ, ಅಂಟಿಸಿದೆ. ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತ ಹೋಯಿತು. ಅದರ ಒಳಗೂ ಹೊರಗೂ ಹಳೆ ಪೇಪರ್ ತುಂಡುಗಳನ್ನು ಅಂಟಿಸಿ, ಒಣಗಿಸಿ, ಅಣ್ಣನಿಗೆ ತೊಡಿಸಿ ಕನ್ನಡಿ ಮುಂದೆ ನಿಲ್ಲಿಸಿದಾಗಲೇ ನನಗೆ ಬುದ್ಧಿ ಬಂದದ್ದು. ನಾನು ಕಟೋರಿ ಜಂಪರಿನ ಕಟಿಂಗ್ ಮಾಡಿದ್ದೆ. ಎಡಕ್ಕೊಂದು ಬಟ್ಟಲು, ಬಲಕ್ಕೊಂದು ಬಟ್ಟಲು.

ನಮ್ಮ ಮನೆಯವರು ಚಹಾ ಕುಡಿಯುತ್ತಿದ್ದವರು ಮೂಗಿಗೇರಿಸಿಕೊಂಡು ಕೆಮ್ಮಿದರು. "ಇದು ಸೇನಾಪತೀದಲ್ಲ, ಸೇನಾಪತಿ ಹೆಂಡ್ತೀದು!"

ಅಣ್ಣ ಮಾತ್ರ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, ಮೀಸೆ ತಿರುವಿ, "ಇರ್ಲಿ ಬಿಡ್ರಿ ಅಳ್ಯಾರ. ವೈರಿ ನೋಡಿ ನಾಚ್ಕೊಂಡ ಓಡಿ ಹೋಗ್ತಾನ, ಯುದ್ಧದ ಖಟಖಟೀನ ಇಲ್ಲ" ಎಂದ.

ಸಾಗವಾನಿ ಸೇನಾಧಿಪತಿ

ನಮ್ಮ ಮನೆಯವರು ಬೀದರಿನ ಹತ್ತಿರ ಕೊಳಾರದಲ್ಲಿ ಫೈಬರ್ ಬಾಗಿಲು ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಪೇಪರಿನ ಕವಚ ಗಟ್ಟಿಯಾಗಬೇಕಾದರೆ ಮೇಲೆ ರೆಜಿನ್ ಬಳಿಯಬೇಕು ಎಂದು ಹೇಳಿದ್ದೂ ಅವರೇ, ಮೋಟಾರ್ ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ತಂದದ್ದೂ ಅವರೇ. ಒಂದು ಡಬ್ಬಿಯಲ್ಲಿ ಜೇನಿನಂಥ ರೆಜಿನ್, ಇನ್ನೊಂದು ಸಣ್ಣ ಬಾಟಲಿಯಲ್ಲಿ ಅದನ್ನು ಗಟ್ಟಿ ಮಾಡುವ ನೀರಿನಂಥ ಔಷಧ. "ನಾಕ ಹನಿ ಹಾಕು. ಥೋಡೆ ಥೋಡೆ ಕಲಸು" ಎಂದು ಹೇಳಿ ಅವರು ಸ್ನಾನಕ್ಕೆ ಹೋದರು.

ಹಬ್ಬದ ದಿನ ಥೋಡೆ ಥೋಡೆ ಹಿಟ್ಟು ಕಲಸಿ ಗೊತ್ತಿರುವ ಹೆಂಗಸು ಯಾರಿದ್ದಾಳೆ? ಬಕೆಟ್ಟಿಗೆ ಪೂರಾ ಡಬ್ಬಿ ಸುರಿದೆ, ಬಾಟಲಿಯನ್ನೂ ಉದಾರವಾಗಿ ಬಗ್ಗಿಸಿದೆ, ಸಾರಿನ ಸೌಟಿನಿಂದ ತಿರುವಿದೆ. ತಿರುವುತ್ತಿದ್ದ ಹಾಗೇ ಬಕೆಟ್ ಬಿಸಿಯಾಯಿತು. ಹೊಗೆ ಬಂತು. ಸೌಟು ನಿಂತಲ್ಲೇ ನಿಂತಿತು. ಎಳೆದರೆ ಬಕೆಟ್ ಸಮೇತ ಮೇಲೆ ಬಂತು. ವಾಸನೆಗೆ ಪಕ್ಕದ ಮನೆಯಾಕೆ ಓಡಿ ಬಂದು, "ಏನ ಅಡಗಿ ಮಾಡ್ಲತ್ತೀರಿ? ಹೊಟ್ಟಿ ತೊಳಸ್ಲತ್ತದ" ಎಂದಳು. ಅಣ್ಣನನ್ನು ಹೊರಗೆ ಗಾಳಿಗೆ ಕೂರಿಸಿದ್ದೆವು. ಅವನು ಅಲ್ಲಿಂದಲೇ, "ನನಗ ಊಟಕ್ಕ ಮಾಡ್ಲತ್ತಾಳ್ರಿ. ಗಡ್ಡಿ ತಾನ ಹೆದರಿ ಹೊರಗ ಬರ್ತದ" ಎಂದ.

ಎರಡನೆಯ ಸಲ ನಮ್ಮ ಮನೆಯವರೇ ಕಲಸಿದರು. ಕವಚ ಗಟ್ಟಿಯಾಯಿತು, ಬಾರಿಸಿದರೆ ಟಣ್ ಎನ್ನುವಷ್ಟು. ಕಟೋರಿಯನ್ನೂ ಅರದಿಂದ ಉಜ್ಜಿ, ಮತ್ತೆ ಪೇಪರು ಹಚ್ಚಿ ಗಂಡಸಿನ ಎದೆ ಮಾಡಿದ್ದಾಯಿತು. ಬಣ್ಣ ನಾನೇ ಹಚ್ಚಿಕೊಂಡು ಬರುತ್ತೇನೆಂದು ಅವರು ಅದನ್ನು ಕೊಳಾರಕ್ಕೆ ಒಯ್ದರು. ಸಂಜೆ ತಂದು ತೋರಿಸಿದಾಗ ನಾನು ತಲೆಗೆ ಕೈ ಹಚ್ಚಿಕೊಂಡೆ. ಕಾರ್ಖಾನೆಯಲ್ಲಿ ಇದ್ದ ಬಣ್ಣ ಒಂದೇ, ಬಾಗಿಲಿಗೆ ಹಚ್ಚುವ ಸಾಗವಾನಿ ಬಣ್ಣ. ಹಚ್ಚಿದ ಕೈಗಳೂ ಬಾಗಿಲಿಗೆ ಹಚ್ಚಿ ಪಳಗಿದ ಕೈಗಳೇ. ಮರದ ಗೆರೆ, ಮರದ ಗಂಟು, ಎಲ್ಲವನ್ನೂ ಬಿಡದೆ ಬಿಡಿಸಿದ್ದರು. ಒಂದು ಕೊಂಡಿ ಹಚ್ಚುವುದಷ್ಟೇ ಬಾಕಿ.

ಅಣ್ಣ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಸವರಿದ. "ಇಷ್ಟ ವರ್ಷ ಬಾಗಲಾ ಕಾಯ್ದೆ ತಂಗಿ. ಕಾಯ್ದು ಕಾಯ್ದು ಈಗ ನಾನ ಬಾಗಲಾದೆ."

ಔರಾದ್ ಬಸ್ಸು

ಬಣ್ಣಕ್ಕೇನು ಮಾಡುವುದೆಂದು ಕೇಳಲು ಮಾಸ್ತರರ ಬಳಿ ಹೋಗಬೇಕಾಯಿತು. ನಮ್ಮೂರ ಸಾಲೆಯಲ್ಲಿ ಮಾಸ್ತರರಾಗಿದ್ದವರು ನಿವೃತ್ತರಾದ ಮೇಲೆ ಔರಾದ್‌ನಲ್ಲಿದ್ದರು. ಅಣ್ಣ ತಾನೂ ಬರುತ್ತೇನೆಂದು ಹಟ ಮಾಡಿದ. ಕವಚ ಯಾವ ಚೀಲದಲ್ಲೂ ಹಿಡಿಯಲಿಲ್ಲ. ಬಸ್ಸಿನ ಸಾಮಾನು ಕಂಬಿಯ ಮೇಲೆ ಇಟ್ಟರೆ ಯಾರಾದರೂ ಅದರ ಮೇಲೆ ಜೋಳದ ಚೀಲ ಒಗೆದಾರು. ಕೊನೆಗೆ ಅಣ್ಣ ಅದನ್ನು ಅಂಗಿಯ ಮೇಲೆ ತೊಟ್ಟು, ಮೇಲೊಂದು ಶಾಲು ಹೊದ್ದು ಕಿಟಕಿ ಪಕ್ಕ ನೆಟ್ಟಗೆ ಕೂತ. ಬಗ್ಗಲು ಬರುತ್ತಿರಲಿಲ್ಲವಲ್ಲ.

ಪಕ್ಕದಲ್ಲಿ ಕೂತ ಔರಾದ್ ಕಡೆಯ ಗೃಹಸ್ಥರು ಸ್ವಲ್ಪ ಹೊತ್ತು ನೋಡಿದರು. ಮುಖ ಬಾಡಿದ ಮನುಷ್ಯ, ಎದೆಯ ಸುತ್ತ ಕಂದು ಬಣ್ಣದ ಗಟ್ಟಿ ಪಟ್ಟಿ. ಅವರಿಗೆ ಅರ್ಥವಾಗಿಬಿಟ್ಟಿತು. "ಬೆನ್ನಿನ ಮಣಕಾ ಸರದದೇನ್ರಿ?"

"ಹೌದ್ರಿ" ಎಂದ ಅಣ್ಣ, ಒಂದಿಷ್ಟೂ ನಗದೆ.

"ನಮ್ಮ ಮನ್ಯಾಗಿನೋರಿಗೂ ಅದಾ ತ್ರಾಸ್ ನೋಡ್ರಿ. ಎಂಥೆಂಥಾ ಪಟ್ಟಾ ಕಟ್ಟಿಸೀನಿ. ಇಂಥಾ ಗಟ್ಟಿ ಭಕ್ಕಮ್ ಪಟ್ಟಾ ನೋಡಿಲ್ಲ. ಯಾವ ಡಾಕ್ಟರ್ ಕೊಟ್ಟಾರ್ರಿ?"

"ಭಾಲ್ಕಿಯೊಳಗ ಒಬ್ಬಾಕಿ ಅದಾಳ್ರಿ" ಎಂದು ಅಣ್ಣ ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ಬೊಟ್ಟು ಮಾಡಿದ. "ಅಳತಿ ತಗೊಂಡ ಮಾಡಿಕೊಡ್ತಾಳ. ಕೈಗುಣ ಛಲೋ ಅದ. ಸ್ವಲ್ಪ ಅಳತಿ ತಪ್ಪತಾಳ, ಅದೊಂದ ಬಿಟ್ರ."

ನಾನು ಸೀಟಿನಡಿಯಿಂದ ಕಾಲು ತೂರಿಸಿ ಒದ್ದೆ. ಅವರು ವಿಳಾಸ ಕೇಳಿದರು, ಅಣ್ಣ ಓಣಿಯ ಗುರುತು ಸಮೇತ ಹೇಳಿದ. ಔರಾದ್‌ನಲ್ಲಿ ಮಾಸ್ತರರು ಕವಚವನ್ನು ನೋಡಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಟ್ರಂಕಿನಿಂದ ಕಿರೀಟಕ್ಕೆಂದು ಇಟ್ಟ ಬಂಗಾರದ ಬಣ್ಣದ ಡಬ್ಬಿ ತೆಗೆದುಕೊಟ್ಟರು. ಕಣ್ಣೊರೆಸಿಕೊಂಡದ್ದು ಬರೀ ನಗೆಗಲ್ಲ ಎಂದು ನನಗೆ ಗೊತ್ತಾಯಿತು. ತಾಲೀಮಿನಲ್ಲಿ ಅಣ್ಣನನ್ನು ನೋಡಿದವರು ಈಗ ನೋಡಿದರೆ ಯಾರಿಗಾದರೂ ಹಾಗೇ ಆಗುತ್ತಿತ್ತು.

ಮುಂದೆ ಕೆಲವು ದಿನಗಳಲ್ಲೇ ಆ ಗೃಹಸ್ಥರು ಹೆಂಡತಿಯನ್ನು ಕರೆದುಕೊಂಡು ನನ್ನ ಅಂಗಡಿ ಮುಂದೆ ನಿಂತರು. "ಡಾಕ್ಟರೀಣಬಾಯಿ ಅದಾರೇನ್ರಿ?" ಎಷ್ಟು ಬಿಡಿಸಿ ಹೇಳಿದರೂ ಆಕೆ ಕೇಳಲೊಲ್ಲರು, ಇಷ್ಟು ದೂರ ಬಂದಿದ್ದೇನೆ, ಏನಾದರೂ ಮಾಡಿಕೊಡು ಎಂದರು. ಎರಡು ಜಂಪರ್ ಹೊಲಿದುಕೊಟ್ಟೆ, ಸ್ವಲ್ಪ ಬಿಗಿಯಾಗಿ. ಬೆನ್ನು ಹಗುರಾಗಿದೆ ಎಂದು ಆಮೇಲೆ ಫೋನ್ ಮಾಡಿ ಹೇಳಿದರು.

ಬಿಜಯಂಗೈದ ಡಾಕ್ಟರು

ಚಳಿಗಾಲದಲ್ಲಿ ಅಣ್ಣನನ್ನು ಬೀದರಿನ ದವಾಖಾನೆಯಲ್ಲಿ ಇಟ್ಟುಕೊಂಡರು. ವಾರ್ಡಿನ ಬಾಗಿಲಲ್ಲಿ ಒಬ್ಬ ವಾಚ್‌ಮನ್ ಇರುತ್ತಿದ್ದ. ಒಂದು ಕಾಲ ಮೇಲೆ ಭಾರ ಹಾಕಿ, ಗೋಡೆಗೆ ಒರಗಿ, ಆಕಳಿಸುತ್ತ ನಿಲ್ಲುವವನು. ಅಣ್ಣನ ಮಂಚ ಬಾಗಿಲಿಗೆ ಎದುರಾಗಿಯೇ ಇತ್ತು. ಸೂಜಿ, ಸಲೈನ್, ಹೊಟ್ಟೆನೋವು ಎಲ್ಲವನ್ನೂ ಸಹಿಸಿಕೊಂಡ ಅಣ್ಣನಿಗೆ ಇದೊಂದನ್ನು ಮಾತ್ರ ಸಹಿಸಲಾಗಲಿಲ್ಲ.

"ಯಪ್ಪಾ, ಹ್ಯಾಂಗ ನಿಂತೀದಿ? ಬಾಗಲಾ ಕಾಯವ ಗ್ವಾಡಿಗಿ ಆನ್ಕೊಂಡ್ರ ರಾಜನ ಮಾನ ಏನ ಉಳೀತು?" ಎಂದು ಸಲೈನ್ ಹಚ್ಚಿದ ಕೈಯಿಂದಲೇ ತೋರಿಸಿಕೊಟ್ಟ. ಎದೆ ಮುಂದೆ, ಗದ್ದ ಮೇಲೆ, ಕಣ್ಣು ದೂರ. ವಾಚ್‌ಮನ್ ಮೊದಲು ತಮಾಷೆಗೆ ನಿಂತ. ಆಮೇಲೆ ಅವನಿಗೇ ರುಚಿ ಹತ್ತಿತು. ಅಣ್ಣ ತನ್ನ ಮಾತನ್ನೂ ಕಲಿಸಿದ. ಅಷ್ಟು ವರ್ಷ ಆಡಿದ ಒಂದೇ ಮಾತು, ಅದನ್ನು ಯಾರಿಗಾದರೂ ಒಪ್ಪಿಸಿ ಹೋಗಬೇಕೆನಿಸಿರಬೇಕು.

ಮರುದಿನ ದೊಡ್ಡ ಡಾಕ್ಟರು ತಪಾಸಣೆಗೆ ಬಂದರು. ವಾಚ್‌ಮನ್ ಸಟ್ಟನೆ ಸೆಟೆದು ನಿಂತು, ಕೈಯಲ್ಲಿದ್ದ ಬಡಿಗೆಯನ್ನು ನೆಲಕ್ಕೆ ಕುಟ್ಟಿ, ವಾರ್ಡೆಲ್ಲ ನಡುಗುವ ಹಾಗೆ ಕೂಗಿದ, "ಮಹಾಪ್ರಭು! ಡಾಕ್ಟರು ಬಿಜಯಂಗೈದಿದ್ದಾರೆ!"

ನರ್ಸಿನ ಕೈಯಿಂದ ತಟ್ಟೆ ಬಿತ್ತು. ಮಲಗಿದ್ದ ರೋಗಿಗಳೆಲ್ಲ ಎದ್ದು ಕೂತರು. ಡಾಕ್ಟರು ತಬ್ಬಿಬ್ಬಾಗಿ ನಿಂತರು, ಆಮೇಲೆ ಜೋರಾಗಿ ನಕ್ಕರು. ಅಣ್ಣನ ಮಂಚದ ಮೇಲೆ ಕೂತು, ನಾಟಕದ ಕಥೆಯೆಲ್ಲ ಕೇಳಿಸಿಕೊಂಡರು. ಹೊರಗೆ ಬಂದು ನನ್ನನ್ನು ಕರೆದು ಮೆಲ್ಲಗೆ ಹೇಳಿದರು, "ಔಷಧದ ಕೈಲಿ ಆಗೂದು ಮುಗದದ ತಂಗಿ. ಅವರ ಮನಸ್ಸಿಗಿ ಏನ ಬೇಕೋ ಅದನ್ನ ಮಾಡ್ರಿ. ನಾಟಕ ಸ್ವಲ್ಪ ಜಲ್ದಿ ಇಟ್ಕೊಳ್ರಿ."

ನಾನು ನಳದ ಕಡೆ ಹೋದೆ. ಮುಖ ತೊಳೆದುಕೊಂಡೆ, ಸೆರಗಿನಿಂದ ಒರೆಸಿಕೊಂಡೆ, ನಗುಮುಖ ಮಾಡಿಕೊಂಡು ವಾರ್ಡಿನ ಬಾಗಿಲಿಗೆ ಬಂದೆ. ವಾಚ್‌ಮನ್‌ಗೆ ಪಾಪ ಏನು ಗೊತ್ತು? ಬಡಿಗೆ ಕುಟ್ಟಿ, "ಮಹಾಪ್ರಭು! ತಂಗಿಯವರು ಬಿಜಯಂಗೈದಿದ್ದಾರೆ!" ಎಂದು ಕೂಗಿದ.

ಅಣ್ಣ ಮಂಚದ ಮೇಲಿನಿಂದ ಕೈ ಎತ್ತಿ ಅಪ್ಪಣೆ ಕೊಟ್ಟ. "ಒಳಗ ಬಿಡು. ಟೇಪ್ ಅದೇನ ನೋಡಿ ಬಿಡು."

ಎದೆಯ ಒಳಗಿನವರು

ದವಾಖಾನೆಯಿಂದ ಬಂದ ಮೇಲೆ ಅಣ್ಣ ನನ್ನ ಮನೆಯಲ್ಲೇ ಉಳಿದ. ಕವಚ ತೊಡಿಸಿ ನೋಡಿದೆ. ಎರಡೂ ಬದಿಗೆ ನನ್ನ ಕೈ ಹೋಗುವಷ್ಟು ಸಡಿಲ.

"ನಾನ ಅಳತಿ ತಪ್ಪೀನಿ ನೋಡು" ಎಂದೆ. "ಕಾಯಂ ಜಂಪರಿನ ಲೆಕ್ಕದಾಗ ಇರ್ತೇನಿ. ಗಂಡಸರದು ಗೊತ್ತಾಗೂದಿಲ್ಲ."

"ಅದಕ್ಕ ಅಂತೇನಿ" ಎಂದ ಅಣ್ಣ. "ಸಣ್ಣಾಕಿ ಇದ್ದಾಗಿಂದ ನಿನ್ನ ಲೆಕ್ಕ ಕಚ್ಚಾ."

ಬದಿ ಕತ್ತರಿಸಿ ಒಳಗೆ ತೆಗೆದುಕೊಂಡೆ. ನಮ್ಮ ಮನೆಯವರು ಮತ್ತೆ ರೆಜಿನ್ ಬಳಿದು ಕೂಡಿಸಿದರು. ಸ್ವಲ್ಪ ದಿನಕ್ಕೆ ಮತ್ತೆ ಸಡಿಲ. ಮತ್ತೆ ನನ್ನದೇ ತಪ್ಪು. ನನ್ನ ಕೈಯ ಜಂಪರ್ ಒಮ್ಮೆಯೂ ವಾಪಸ್ ಬಂದದ್ದಿಲ್ಲ. ಆದರೆ ಆ ಚಳಿಗಾಲದಲ್ಲಿ ನನ್ನಷ್ಟು ಅಳತೆ ತಪ್ಪಿದ ದರ್ಜಿ ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಿಲ್ಲ. ಅಣ್ಣ ಪ್ರತಿ ಸಲ ನನ್ನನ್ನು ಬೈದ, ನಾನು ಪ್ರತಿ ಸಲ ತಪ್ಪೊಪ್ಪಿಕೊಂಡೆ. ನಡುವೆ ಟೇಪು ಮಾತ್ರ ಸುಳ್ಳು ಹೇಳಲೊಲ್ಲದು.

ಒಂದು ಮಧ್ಯಾಹ್ನ ಅಣ್ಣ ಕವಚವನ್ನು ಮಗುಚಿ ಹಿಡಿದು ಒಳಗಡೆ ಬಹಳ ಹೊತ್ತು ನೋಡುತ್ತಿದ್ದ. ರೆಜಿನ್ ಹಾಕಿದರೆ ಪೇಪರಿನ ಅಕ್ಷರ ಓದಲು ಬರುವಷ್ಟು ತಿಳಿಯಾಗಿ ಕಾಣುತ್ತದೆ. ಬಗ್ಗಿ ನೋಡಿದೆ. ಸರಿಯಾಗಿ ಎದೆಯ ಜಾಗದಲ್ಲಿ, ತಲೆಗೆ ಪಟಗಾ ಸುತ್ತಿದ ಒಬ್ಬ ಹಿರಿಯರ ಫೋಟೋ. ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ನನ್ನ ಕೈಗೆ ಬೆಂಕಿ ಬೀಳಲಿ, ಅಂಟಿಸುವಾಗ ನೋಡಿಯೇ ಇರಲಿಲ್ಲ.

"ಕೆರೆದು ತೆಗೀತೇನಿ ಕೊಡು" ಎಂದು ಕಸಿದುಕೊಳ್ಳಲು ಹೋದೆ.

"ಇರ್ಲಿ ಬಿಡು ತಂಗಿ" ಎಂದು ಅಣ್ಣ ಆಚೆ ಸರಿಸಿದ. "ದಿನಾ ನನ್ನ ಎದಿಗಿ ಎದಿ ಹಚ್ಚಿ ಕುಂಡ್ರತಾರ. ಹೋದ ಮ್ಯಾಲ ಅಲ್ಲಿ ಗುರ್ತಿನವರು ಒಬ್ಬರ ಬೇಕಲ್ಲ."

ಸರಿಯಾಗಿ ಕೂತ ದಿನ

ನಾಟಕಕ್ಕೆ ಇನ್ನು ಸ್ವಲ್ಪೇ ದಿನ ಇತ್ತು. ಕೊನೆಯ ಸಲ ತೊಡಿಸಿ ನೋಡೋಣವೆಂದರೆ ಅಣ್ಣ ನನ್ನನ್ನು ಹತ್ತಿರ ಸೇರಿಸಲಿಲ್ಲ. "ನಾನ ಹಾಕ್ಕೊಂಡ ಬರ್ತೇನಿ, ನೀ ಹೊರಗ ಕುಂಡ್ರು" ಎಂದು ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡ. ಬಹಳ ಹೊತ್ತಾಯಿತು. ಗೋಡೆಗೆ ಏನೋ ತಾಗಿದ ಸದ್ದು, ಉಸಿರಿನ ಸದ್ದು. ಆಮೇಲೆ ಬಾಗಿಲು ತೆರೆದು ಹೊರಗೆ ಬಂದ.

ಬಂಗಾರದ ಕವಚ, ನೆಟ್ಟಗಿನ ಬೆನ್ನು. ಬದಿಗೆ ಬೆರಳು ತೂರಿಸಿ ನೋಡಿದೆ, ಹೋಗಲಿಲ್ಲ. ಅಚ್ಚು ಹಾಕಿದ ಹಾಗೆ ಕೂತಿತ್ತು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಣ್ಣನ ಮೈ ತುಂಬುತ್ತಿದೆ, ಗಡ್ಡೆ ಕರಗುತ್ತಿದೆ, ಡಾಕ್ಟರಿಗೇನು ಗೊತ್ತು ಎಂದು ಕುಣಿದೆ. ಆ ದಿನವೇ ಹೋಳಿಗೆ ಮಾಡಿದೆ. ಓಣಿಯಲ್ಲಿ ಕಂಡವರಿಗೆಲ್ಲ ಅಣ್ಣ ಹುಷಾರಾಗುತ್ತಿದ್ದಾನೆ ಎಂದು ಹೇಳಿದೆ. ಹೋಳಿಗೆ ಅಣ್ಣನಿಗೆ ಒಂದು ಚೂರೂ ಇಳಿಯಲಿಲ್ಲ. ನಾನು ಆ ಕಡೆ ತಿರುಗಿದಾಗ ನಮ್ಮ ಮನೆಯವರ ತಾಟಿಗೆ ಸರಿಸಿದ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಕಂಡೂ ನಾನು ಕಾಣದವಳಂತಿದ್ದೆ.

"ಭಾವಾ, ನಾ ಎಷ್ಟ ಹೋಳಿಗಿ ತಿನ್ಲಿ?" ಎಂದು ನಮ್ಮ ಮನೆಯವರು ಗೊಣಗಿದರು.

"ಉಣ್ರಿ ಅಳ್ಯಾರ" ಎಂದ ಅಣ್ಣ. "ಮುಂದಿನ ಕವಚ ನಿಮ್ಮ ಅಳತೀದು ಮಾಡಸೂನು."

ಹಗಲು ನಾಟಕ

ಅಣ್ಣನಿಗೆ ನಿದ್ದೆಗೆಡುವ ತ್ರಾಣ ಇರಲಿಲ್ಲವೆಂದು ಊರವರು ಆ ವರ್ಷ ನಾಟಕವನ್ನು ಹಗಲಿಗೇ ಇಟ್ಟುಕೊಂಡರು. ಖಟಕ ಚಿಂಚೋಳಿಯ ಸಾಲೆಯ ಮೈದಾನದಲ್ಲಿ ಚಪ್ಪರ, ಎದುರಿಗೆ ಕೊಡೆ ಹಿಡಿದ ಮಂದಿ, ನೆತ್ತಿಯ ಮೇಲೆ ಸುಡುವ ಬಿಸಿಲು. ನಾಟಕದ ಮಾತುಗಳನ್ನು ಬದಲಿಸುವುದು ಯಾರಿಗೂ ಹೊಳೆದಿರಲಿಲ್ಲ. ರಾಜ ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಕಿವುಚಿ, "ಆಹಾ, ಎಂಥ ಕಗ್ಗತ್ತಲೆ! ಮುಂದಿರುವವರ ಮುಖವೇ ಕಾಣದಾಗಿದೆ!" ಎಂದ. ಮುಂದಿನ ಸಾಲಿನ ಮುದುಕಿಯೊಬ್ಬಳು, "ಬೀದರಕ್ಕ ಹೋಗಿ ಕಣ್ಣಾ ತೋರಸ್ಕೊ ಯಪ್ಪಾ" ಎಂದಳು.

ಅಣ್ಣ ಬಂದ. ಬಾಗಿಲು ಕಾಯುವವನ ಜಾಗದಲ್ಲಿ ಈ ಸಲ ಬೇರೆ ಯಾರೋ ಇದ್ದರು. ಅವರು ಅಣ್ಣನನ್ನು ಕಂಡು, "ಮಹಾಪ್ರಭು, ಸೇನಾಧಿಪತಿಗಳು ಬಿಜಯಂಗೈದಿದ್ದಾರೆ" ಎಂದರು. ಅಣ್ಣ ಆ ಬಾಗಿಲಲ್ಲಿ ಒಂದು ಕ್ಷಣ ನಿಂತ. ಪಕ್ಕಕ್ಕೆ ತಿರುಗಿ ಅವರ ಭರ್ಚಿಯನ್ನು ಸ್ವಲ್ಪ ನೆಟ್ಟಗೆ ಮಾಡಿದ. ಆಮೇಲೆ ಒಳಗೆ ಹೋದ. ಇಡೀ ಮೈದಾನ ಸಿಳ್ಳೆ ಹಾಕಿತು. ನಾನು ಹೆಂಗಸರ ನಡುವೆ ಕೂತು ಸೆರಗು ಕಚ್ಚಿಕೊಂಡೆ.

ಮಾತೆಲ್ಲ ಸರಿಯಾಗಿ ಆಡಿದ. ಮೈ ಮಾತ್ರ ಬೆವರಿನಿಂದ ತೊಪ್ಪೆಯಾಗಿತ್ತು, ಬಂಗಾರದ ಬಣ್ಣ ಕುತ್ತಿಗೆಗೆ ಇಳಿಯುತ್ತಿತ್ತು. ಕೊನೆಯ ದೃಶ್ಯ ಬಂತು. ವೈರಿ ರಾಜನಾಗಿದ್ದವನು ಊರ ಹಿಟ್ಟಿನ ಗಿರಣಿಯವ. ಪ್ರತಿ ವರ್ಷ ಅವನೇ ಗೆಲ್ಲುವುದು. ಅವನು ಕಟ್ಟಿಗೆಯ ಕತ್ತಿಯಿಂದ ಅಣ್ಣನ ಎದೆಗೆ ಹೊಡೆದ. ಕೊಳಾರದ ಬಾಗಿಲಿನ ರೆಜಿನ್ ಅಲ್ಲವೇ, ಯಾರೋ ಮನೆ ಬಾಗಿಲು ಬಡಿದ ಹಾಗೇ ಸದ್ದಾಯಿತು. ಹಿಂದಿನಿಂದ ಯಾರೋ, "ಯಾರ್ರೀ ಅದು, ಒಳಗ ಬರ್ರಿ" ಎಂದು ಕೂಗಿದರು.

ಈಗ ಅಣ್ಣ ಬಿದ್ದು ಸಾಯಬೇಕು. ಅಣ್ಣ ನಿಂತೇ ಇದ್ದ. ಗಿರಣಿಯವ ಮತ್ತೊಮ್ಮೆ ಹೊಡೆದ. ಅಣ್ಣ ನಿಂತೇ ಇದ್ದ. ಪೇಟಿ ಬಾರಿಸುವವರು ಸಾವಿನ ರಾಗವನ್ನು ಮತ್ತೆ ಮೊದಲಿನಿಂದ ಹಿಡಿದರು. ಪರದೆಯ ಹಿಂದಿನಿಂದ ಮಾಸ್ತರರ ಪಿಸುಮಾತು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು, "ಸಾಯಿ... ಸಾಯೋ... ಬಿದ್ದು ಸಾಯಿ!"

ಅಣ್ಣ ಆ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿದ, "ಮಾಸ್ತರ, ಅದೊಂದಕ್ಕ ತಾಲೀಮು ಬ್ಯಾಡ್ರಿ. ಅದು ನನಗ ಬರ್ತದ."

ಜನ ಬಿದ್ದು ಬಿದ್ದು ನಕ್ಕರು. ನಕ್ಕವರು ಒಬ್ಬೊಬ್ಬರಾಗಿ ಸುಮ್ಮನಾದರು. ನನಗೆ ಏನಾಯಿತೋ ಗೊತ್ತಿಲ್ಲ, ಅಷ್ಟು ಮಂದಿ ನಡುವೆ ಎದ್ದು ನಿಂತು, "ಯಾಕ ಸಾಯ್ಬೇಕ್ರಿ ಅವ? ನಿಲ್ಲಲಿ ಬಿಡ್ರಿ! ನಿಂದರ್ಲಿ!" ಎಂದು ಕೂಗಿಬಿಟ್ಟೆ. ಹೆಂಗಸರೆಲ್ಲ, "ಹೌದ್ ಹೌದು, ನಿಂದರ್ಲಿ!" ಎಂದರು. ಗಿರಣಿಯವ ಕತ್ತಿ ನೋಡಿದ, ಪರದೆ ನೋಡಿದ, ಹೆಂಗಸರ ಕಡೆ ನೋಡಿದ. ಯಾರೋ ಒಬ್ಬರು ಸಾಯದೆ ನಾಟಕ ಮುಗಿಯುವುದಿಲ್ಲವಲ್ಲ. ಪಾಪ, ತನ್ನ ಎದೆಯನ್ನು ತಾನೇ ಹಿಡಿದುಕೊಂಡು, "ಅಯ್ಯೋ, ಸತ್ತೆ!" ಎಂದು ಧೊಪ್ಪನೆ ಬಿದ್ದ. ಆ ಊರ ನಾಟಕದಲ್ಲಿ ಗೆದ್ದವನು ಸತ್ತದ್ದು ಅದೊಂದೇ ವರ್ಷ. ಪರದೆ ಬಿತ್ತು.

ಸಾಲೆಯ ಕೋಣೆಯಲ್ಲಿ ಅಣ್ಣನನ್ನು ಬೆಂಚಿನ ಮೇಲೆ ಕೂರಿಸಿ ಕವಚದ ಲಾಡಿ ಬಿಚ್ಚಿದೆ. ಕವಚ ಕಳಚಿತು. ಒಳಗೆ ಕಂಬಳಿ ಇತ್ತು. ಕುರಿ ಕಾಯುವಾಗ ಹೊದೆಯುತ್ತಿದ್ದ ಕರಿ ಕಂಬಳಿ, ಎದೆಯಿಂದ ಸೊಂಟದ ತನಕ ಸುತ್ತು ಸುತ್ತಾಗಿ ಬಿಗಿದುಕೊಂಡಿದ್ದ. ಆ ಬಿಸಿಲಿನಲ್ಲಿ. ನಾನು ಬಿಚ್ಚುತ್ತ ಹೋದೆ. ಕಂಬಳಿ ಮುಗಿದರೆ ಧೋತರ, ಧೋತರ ಮುಗಿದರೆ ನನ್ನದೇ ಒಂದು ಹಳೆ ಸೀರೆ. ಎಲ್ಲ ಬಿಚ್ಚಿದ ಮೇಲೆ ಉಳಿದ ಅಣ್ಣ ಎಷ್ಟು ಸಣ್ಣವನಾಗಿದ್ದನೆಂದರೆ, ನನ್ನ ಎರಡು ಕೈಯೊಳಗೆ ಬರುತ್ತಿದ್ದ.

ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, "ಪ್ರತಿ ಸಲಾ ನಿನ್ನ ಅಳತಿ ತಪ್ಪತಿತ್ತಲ್ಲ ತಂಗಿ. ಪಾಪ, ಎಷ್ಟ ಸಲ ಕತ್ತರಸ್ತಿ ಅಂತ ನಾನ ತುಂಬಸ್ಕೊಂಡೆ."

ಹಳೆ ಸೀರೆಯನ್ನು ಮಡಚಿಟ್ಟೆ. ನನ್ನ ಪಾಲಿನ ಮಾತನ್ನು ನಾನು ಆಡಬೇಕಿತ್ತು. "ಹೌದಣ್ಣ. ಈ ಸಲಾನೂ ನಾನ ತಪ್ಪೀನಿ."

"ಮುಂದಿನ ವರ್ಷಕ್ಕರ ಬರಾಬರ್ ಮಾಡು. ತಗೋ, ಈಗ ಅಳಿ" ಎಂದು ಎರಡೂ ಕೈ ಅಗಲಿಸಿ, ಉಸಿರು ಹಿಡಿದು, ಇದ್ದಷ್ಟು ಎದೆ ಉಬ್ಬಿಸಿ ಕೂತ.

ಕೊರಳಲ್ಲಿದ್ದ ಟೇಪು ತೆಗೆದೆ. ಇಲ್ಲದ ಮುಂದಿನ ವರ್ಷಕ್ಕೆ ಅಳತೆ ತೆಗೆದುಕೊಳ್ಳಲು ಅವನ ಬೆನ್ನಿನ ಸುತ್ತ ಟೇಪು ತಂದು ಎದೆಯ ಮೇಲೆ ಕೂಡಿಸಿ ಹಿಡಿದೆ. ಆಗಲೇ ಹೊರಗೆ ಚಪ್ಪರದಿಂದ ಮೈಕಿನಲ್ಲಿ ಗಿರಣಿಯವನ ದೈನ್ಯದ ದನಿ ಬಂತು. ಅವನನ್ನು ಎಲ್ಲರೂ ಮರೆತೇಬಿಟ್ಟಿದ್ದೆವು. "ಮಾಸ್ತರ, ನಾ ಇನ್ನ ಎಷ್ಟೊತ್ತ ಸತ್ತಿರ್ಲ್ರಿ? ಕೆಳಗ ಸುಡ್ಲತ್ತದ. ಏಳ್ಲೇನು?"

ಅಣ್ಣ ನಕ್ಕ. ಹಿಡಿದ ಉಸಿರೆಲ್ಲ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವನ ಎದೆ ನನ್ನ ಟೇಪಿನೊಳಗೆ ಕುಣಿಯಿತು. ಆ ನಗುವಿನಲ್ಲಿ ನನ್ನ ಅಳತೆ ಮತ್ತೊಮ್ಮೆ ತಪ್ಪಿತು.